ಸೆಕೆಯ ನಾಡಿನಿಂದ ಹಿಮದ ನೆತ್ತಿಗೆ

ಮೇ ತಿಂಗಳ ನಡುಹಗಲು. ಬಂಟವಾಳದ ಬಿ.ಸಿ. ರೋಡಿನಲ್ಲಿ ಬಸ್ಸಿಗಾಗಿ ಕಾದು ನಿಂತವರ ಬೆನ್ನ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿರುತ್ತದೆ. ನೇತ್ರಾವತಿಯ ಕಡೆಯಿಂದ ಬೀಸಬೇಕಾದ ಗಾಳಿ ಎಲ್ಲಿಯೋ ತಂಗಿಬಿಟ್ಟಂತೆ ತೋರುತ್ತದೆ. ಎಳನೀರಿನ ಗಾಡಿಯ ಸುತ್ತ ಜನ ನೆರೆದಿರುತ್ತಾರೆ. ಇಂಥ ಬೇಗೆಯ ನಡುವೆ ಒಮ್ಮೊಮ್ಮೆ ವಿಚಿತ್ರವಾದ ಒಂದು ನೋಟ ಕಣ್ಣಿಗೆ ಬೀಳುವುದುಂಟು. ಕಾಲೇಜಿನ ರಜೆಯಲ್ಲಿ ಹಿಮಾಲಯಕ್ಕೆ ಹೊರಟ ನಾಲ್ಕಾರು ತರುಣರು, ಅವರ ಬೆನ್ನಿಗೆ ದೊಡ್ಡ ಚೀಲ, ಆ ಚೀಲದ ಬುಡದಲ್ಲಿ ಮಂಗಳೂರು ಸೌತೆಕಾಯಿಗಿಂತ ತುಸು ದೊಡ್ಡದಾದ ಒಂದು ಗಂಟು. ಕೈಯಲ್ಲಿ ಎತ್ತಿ ನೋಡಿದರೆ ಒಂದು ಕಿಲೋಗ್ರಾಮಿನ ಆಚೀಚೆ ತೂಗಬಹುದು, ಅಷ್ಟೇ. ಆದರೆ ನೀರು ಕಲ್ಲಾಗುವ ಚಳಿಯಲ್ಲಿ ಒಂದು ರಾತ್ರಿ ಒಬ್ಬ ಮನುಷ್ಯನನ್ನು ಬದುಕಿಸಿ ಬೆಳಗು ಕಾಣಿಸುವ ಶಕ್ತಿ ಆ ಗಂಟಿಗೆ ಉಂಟು. ಅದು ಬಾತುಕೋಳಿಯ ಇಲ್ಲವೆ ಹೆಬ್ಬಾತಿನ ಎದೆಯ ತುಪ್ಪಳವನ್ನು ತುಂಬಿ ಹೊಲಿದ ಸ್ಲೀಪಿಂಗ್ ಬ್ಯಾಗ್, ಮಲಗುವ ಚೀಲ.

ಚಳಿಯೆಂದರೆ ಏನೆಂದು ತಿಳಿಯದ ನಾಡಿನವರಿಗೆ ಈ ಚೀಲವನ್ನು ನಂಬುವುದು ಕಷ್ಟ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ - ಈ ಮೂರು ಊರುಗಳಲ್ಲಿ ಉಣ್ಣೆಯ ಅಂಗಿಯಿಲ್ಲದೆ ಬಾಳಿ ಮುಗಿಸಿದವರ ಸಂಖ್ಯೆಯೇ ಹೆಚ್ಚು. ಹಾಗಿದ್ದೂ ಈ ಚೀಲದ ಗುಟ್ಟನ್ನು ಬಿಡಿಸಿ ಹೇಳುವ ಸಾಮಗ್ರಿಯೆಲ್ಲ ಈ ಮೂರು ಊರುಗಳ ದಾರಿಯಲ್ಲಿಯೇ ಇದೆಯೆಂದರೆ ಅಚ್ಚರಿಯಾದೀತು.

ಹೇರೆತ್ತುಗಳ ದಾರಿ

ಬಂಟವಾಳ ಹಿಂದೆ ಘಟ್ಟಕ್ಕೂ ಕಡಲಿಗೂ ನಡುವಣ ಕಟ್ಟೆಯಾಗಿತ್ತು. ಘಟ್ಟದ ಮೇಲಿನ ಕಾಫಿ ಮತ್ತು ಧಾನ್ಯ ಎತ್ತಿನ ಹೇರುಗಳಲ್ಲಿಯೂ ಗಾಡಿಗಳಲ್ಲಿಯೂ ಇಲ್ಲಿಗೆ ಇಳಿದು, ನೇತ್ರಾವತಿಯ ದೋಣಿಗಳನ್ನೇರಿ ಮಂಗಳೂರನ್ನು ಸೇರುತ್ತಿದ್ದವು. ಹೋಗುವಾಗ ಉಪ್ಪು, ಒಣಮೀನು, ತೆಂಗು ಮೇಲಕ್ಕೆ ಏರುತ್ತಿದ್ದವು. ಆ ದಾರಿಯನ್ನು ಹಗಲಿರುಳು ನಡೆದವರ ಹೆಗಲ ಮೇಲಿನ ಕರಿಯ ಕಂಬಳಿಯೇ ಅವರ ಮನೆ. ಮಳೆ ಬಂದರೆ ಅದನ್ನು ಮಡಿಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುವರು. ಕಟ್ಟೆಯ ಮೇಲೆ ಹಾಸಿದರೆ ಹಾಸಿಗೆ, ಮೈಮೇಲೆ ಎಳೆದುಕೊಂಡರೆ ಹೊದಿಕೆ. ಬಯಲುಸೀಮೆಯ ಕುರುಬರು ಕುರಿಯ ಉಣ್ಣೆಯನ್ನು ನೂತು, ಗುಳಿಮಗ್ಗದಲ್ಲಿ ನೇಯ್ದು, ಹುಣಿಸೆಬೀಜದ ಗಂಜಿ ಹಾಕಿ ಬಿಗಿಮಾಡಿದ ಈ ಕಂಬಳಿ ಕರ್ನಾಟಕದ ಮಟ್ಟಿಗೆ ಮೊದಲ ನಿದ್ರಾಚೀಲ ಎನ್ನಬಹುದು.

ಕಂಬಳಿಗೆ ಒಂದು ದೊಡ್ಡ ಗುಣವುಂಟು. ಅದು ಒದ್ದೆಯಾದರೂ ಪೂರ್ತಿ ಸೋಲುವುದಿಲ್ಲ. ಉಣ್ಣೆಯ ಎಳೆ ನೀರಿನ ಆವಿಯನ್ನು ತನ್ನ ಒಳಗೆ ಹೀರಿಕೊಳ್ಳುತ್ತದೆ. ಹಾಗೆ ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಸುರುಳಿ ಸುರುಳಿಯಾದ ಅದರ ಎಳೆಗಳು ನೆನೆದ ಮೇಲೂ ಒಂದಕ್ಕೊಂದು ಪೂರಾ ಅಂಟಿಕೊಳ್ಳುವುದಿಲ್ಲ. ಅದರ ದೋಷ ಒಂದೇ - ಭಾರ. ಎತ್ತಿನ ಹಿಂದೆ ನಡೆಯುವವನಿಗೆ ಅದು ಲೆಕ್ಕಕ್ಕಿಲ್ಲ. ಪ್ರಾಣವಾಯು ತೆಳುವಾದ ಹಿಮದ ಏರಿನಲ್ಲಿ ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುವವನಿಗೆ ಮಾತ್ರ ಒಂದೊಂದು ಕಿಲೋಗ್ರಾಮೂ ಬೆಟ್ಟವಾಗುತ್ತದೆ.

ಗಡಾಯಿಕಲ್ಲಿನ ನೆರಳಿನಲ್ಲಿ

ಬಂಟವಾಳದಿಂದ ಬೆಳ್ತಂಗಡಿಗೆ ಸಾಗುವ ದಾರಿಯಲ್ಲಿ ಅಡಕೆತೋಟಗಳು ಎರಡೂ ಕಡೆ ಒತ್ತಿ ಬರುತ್ತವೆ. ಊರು ಸಮೀಪಿಸುತ್ತಿದ್ದಂತೆ ಆಕಾಶಕ್ಕೆ ತಲೆಯೆತ್ತಿ ನಿಂತ ಒಂಟಿ ಬಂಡೆ ಎದುರಾಗುತ್ತದೆ. ಅದೇ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನನು ಇದರ ಮೇಲೆ ಕೋಟೆ ಕಟ್ಟಿಸಿ ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನು. ಇದರ ಹಿನ್ನೆಲೆಯಲ್ಲಿ ಕುದುರೆಮುಖದ ಸಾಲು ನೀಲಿಯ ಗೋಡೆಯಂತೆ ನಿಂತಿದೆ. ಸುಮಾರು 1,890 ಮೀಟರ್ ಎತ್ತರದ ಆ ಶಿಖರಕ್ಕೆ, ಬ್ರಿಟಿಷರ ಆಳ್ವಿಕೆಯಲ್ಲಿ, ಕರಾವಳಿಯ ಅಧಿಕಾರಿಗಳು ಬೇಸಗೆಯ ಬೇಗೆಯಿಂದ ಪಾರಾಗಲು ಏರಿ ಹೋಗುತ್ತಿದ್ದರು. ಸಾವಿರ ಮೀಟರ್ ಮೇಲೇರಿದರೆ ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ಶಾಖ ಇಳಿಯುತ್ತದೆ. ಅಂದರೆ ಬಂಟವಾಳದ ಬೀದಿಗೂ ಕುದುರೆಮುಖದ ನೆತ್ತಿಗೂ ಹನ್ನೆರಡು ಡಿಗ್ರಿಗಳ ಅಂತರ. ಐದು ಸಾವಿರ ಮೀಟರಿನ ಹಿಮಾಲಯದ ಕಣಿವೆದಾರಿಗೂ ಕಡಲ ದಂಡೆಗೂ ಮೂವತ್ತಕ್ಕೂ ಮೀರಿದ ಅಂತರ.

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಶಿಖರದ ಮೇಲೆ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ. ಬೆಳಗ್ಗೆ ಏರಿದವರು ಸಂಜೆಯೊಳಗೆ ಇಳಿಯಬೇಕು. ಆದುದರಿಂದ ತುಪ್ಪಳದ ಚೀಲಕ್ಕೆ ಇಲ್ಲಿ ಕೆಲಸವಿಲ್ಲ. ಕೆಲಸವಿದ್ದಿದ್ದರೂ ಅದು ಇಲ್ಲಿ ಬಾಳುತ್ತಿರಲಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ತಪ್ಪಲಿನಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಸಲು ಹಿಡಿಯುತ್ತದೆ. ತುಪ್ಪಳಕ್ಕೆ ನೀರೇ ಮೃತ್ಯು. ಒದ್ದೆಯಾದ ತುಪ್ಪಳ ಮುದ್ದೆಗಟ್ಟಿ, ತೊಯ್ದ ಕೋಳಿಮರಿಯಂತೆ ಕುಗ್ಗಿ ಹೋಗುತ್ತದೆ. ಆಗ ಅದರ ಶಾಖವೂ ಹೋಯಿತು. ಘಟ್ಟದ ಮಳೆಗೆ ಕಂಬಳಿಯನ್ನೂ ತಾಳೆಗರಿಯ ಗೊರಬನ್ನೂ ಹಿಡಿದ ಹಿಂದಿನವರ ಆಯ್ಕೆ ಬಡತನದ ಆಯ್ಕೆಯಾಗಿರಲಿಲ್ಲ, ತಿಳಿವಳಿಕೆಯ ಆಯ್ಕೆಯಾಗಿತ್ತು.

ಇದೇ ತಪ್ಪಲಿನಲ್ಲಿ ಬೂರುಗದ ಮರಗಳು ಧಾರಾಳವಾಗಿವೆ. ಚಳಿಗಾಲ ಕಳೆಯುವ ಹೊತ್ತಿಗೆ ಎಲೆಯೆಲ್ಲ ಉದುರಿ ಮರ ಕೆಂಪು ಹೂಗಳಿಂದ ತುಂಬುತ್ತದೆ. ಬೇಸಗೆ ಬಲಿತಾಗ ಕಾಯಿಗಳು ಬಿರಿದು ಬೆಳ್ಳನೆಯ ಅರಳೆ ಗಾಳಿಯಲ್ಲಿ ತೇಲುತ್ತದೆ. ಆ ಅರಳೆಯನ್ನು ತುಂಬಿದ ದಿಂಬು ಹಳೆಯ ಮನೆಗಳಲ್ಲಿ ಇನ್ನೂ ಉಂಟು. ಬೂರುಗದ ಎಳೆ ಒಳಗೆ ಪೊಳ್ಳು, ಹೊರಗೆ ಮೇಣದ ಲೇಪ. ಅದರ ಹತ್ತಿರದ ನಂಟನಾದ ಬಿಳಿಬೂರುಗದ ಅರಳೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಡಗುಗಳ ಜೀವರಕ್ಷಕ ಅಂಗಿಗಳಿಗೂ ಮಲಗುವ ಚೀಲಗಳಿಗೂ ತುಂಬುತ್ತಿದ್ದರು. ಹಗುರ, ಬೆಚ್ಚನೆ, ನೀರಿಗೆ ಜಗ್ಗದ ಗುಣ - ಎಲ್ಲವೂ ಇದ್ದವು. ಇಲ್ಲದ್ದು ಒಂದೇ: ಅದುಮಿದ ಮೇಲೆ ಮತ್ತೆ ಉಬ್ಬಿ ಏಳುವ ಛಲ. ಹಳೆಯ ಬೂರುಗದ ದಿಂಬು ಕಾಲಕ್ರಮದಲ್ಲಿ ಚಪ್ಪಟೆಯಾಗುವುದನ್ನು ಯಾರು ತಾನೆ ಕಂಡಿಲ್ಲ?

ಗಾಳಿಯನ್ನು ಕಟ್ಟಿಹಾಕುವ ವಿದ್ಯೆ

ಈ ಉಬ್ಬಿ ಏಳುವ ಗುಣದಲ್ಲಿಯೇ ತುಪ್ಪಳದ ಹಿರಿಮೆ ಅಡಗಿದೆ. ಹಕ್ಕಿಯ ಮೇಲ್ಗರಿಗೆ ನಡುವೆ ಒಂದು ದಂಟು ಇರುತ್ತದೆ. ಅದರ ಕೆಳಗೆ, ಮೈಗೆ ತಾಗಿ ಬೆಳೆಯುವ ತುಪ್ಪಳಕ್ಕೆ ದಂಟಿಲ್ಲ. ಒಂದೇ ಬಿಂದುವಿನಿಂದ ಎಲ್ಲ ದಿಕ್ಕಿಗೂ ಹೊರಟ ನವುರಾದ ಎಳೆಗಳು, ಎಕ್ಕದ ಬೀಜಕ್ಕೆ ಅಂಟಿ ಹಾರುವ, ಮಕ್ಕಳು ಹಿಡಿಯಲು ಓಡುವ ‘ಅಜ್ಜನ ಗಡ್ಡ’ದಂತೆ ಅರಳಿ ನಿಂತಿರುತ್ತವೆ. ಉತ್ತಮ ದರ್ಜೆಯ ತುಪ್ಪಳವನ್ನು ಒಂದು ಔನ್ಸ್, ಎಂದರೆ 28 ಗ್ರಾಂ ತೂಗಿ ಬಿಟ್ಟರೆ ಅದು 800 ಘನ ಅಂಗುಲದಷ್ಟು, ಅಂದರೆ ಸುಮಾರು 13 ಲೀಟರಿನಷ್ಟು ಜಾಗವನ್ನು ತುಂಬಿಕೊಳ್ಳುತ್ತದೆ. ಹಿಡಿಯೊಳಗೆ ಅಡಗುವ ವಸ್ತು ಕೊಡಪಾನವನ್ನು ತುಂಬಿದ ಹಾಗೆ. ಚೀಲಗಳ ಮೇಲೆ ಬರೆದಿರುವ 600, 700, 800 ಎಂಬ ಅಂಕೆಗಳ ಅರ್ಥ ಇದೇ.

ಹಾಗೆ ತುಂಬಿಕೊಂಡದ್ದು ಏನು? ಬರಿಯ ಗಾಳಿ. ತುಪ್ಪಳಕ್ಕೆ ತನ್ನದೆಂಬ ಬಿಸಿಯಿಲ್ಲ. ಕಂಬಳಿಗೂ ಇಲ್ಲ, ಬೂರುಗಕ್ಕೂ ಇಲ್ಲ. ಅಲುಗಾಡದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಹಾಯುತ್ತದೆ. ಗಾಳಿ ಚಲಿಸಿತೋ, ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. ಆದುದರಿಂದ ಬೆಚ್ಚಗಿಡುವ ವಿದ್ಯೆಯೆಂದರೆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕಟ್ಟಿಹಾಕುವ ವಿದ್ಯೆ. ಕುರುಬನ ಮಗ್ಗ ಅದನ್ನು ಭಾರವಾಗಿ ಮಾಡಿತು, ಬೂರುಗದ ಮರ ಅಲ್ಪಕಾಲಕ್ಕೆ ಮಾಡಿತು. ಹೆಬ್ಬಾತಿನ ಎದೆ ಅದನ್ನು ಅತ್ಯಂತ ಹಗುರವಾಗಿ, ಬಹುಕಾಲಕ್ಕೆ ಮಾಡಿತು. ಚೀಲ ಮಾಡುವವರು ಇದಕ್ಕೆ ಸೇರಿಸಿದ್ದು ಹೊಲಿಗೆಯ ಜಾಣ್ಮೆಯನ್ನು. ಎರಡು ಪದರ ತೆಳ್ಳನೆಯ ನೈಲಾನ್ ಬಟ್ಟೆಯ ನಡುವೆ ಅಡ್ಡಗೋಡೆಗಳನ್ನು ನಿಲ್ಲಿಸಿ, ತುಪ್ಪಳ ಒಂದೇ ಕಡೆಗೆ ಸರಿಯದಂತೆ ಕೋಣೆಗಳನ್ನು ಮಾಡುತ್ತಾರೆ. ಭುಜದ ಬಳಿ ಅಗಲವಾಗಿ ಪಾದದ ಬಳಿ ಕಿರಿದಾಗಿ, ತಲೆಗೆ ಕಂಬಳಿಕೊಪ್ಪೆಯನ್ನು ನೆನಪಿಸುವ ಮುಸುಕಿಟ್ಟು ಹೊಲಿಯುತ್ತಾರೆ. ಒಳಗೆ ಖಾಲಿ ಜಾಗ ಹೆಚ್ಚಿದ್ದರೆ ಅದನ್ನು ಬಿಸಿಮಾಡುವ ಹೊರೆಯೂ ಮಲಗಿದವನ ಮೈಮೇಲೆಯೇ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಹಾಸಿಗೆಯೇ ಕಲಿಸಿಕೊಡುತ್ತದೆ.

ಹೊಸಬರು ತಪ್ಪುವುದು ಎರಡು ಕಡೆ. ಮೈಯ ಭಾರಕ್ಕೆ ಸಿಕ್ಕಿ ಚೀಲದ ಅಡಿಭಾಗದ ತುಪ್ಪಳ ಚಪ್ಪಟೆಯಾಗುವುದರಿಂದ ನೆಲದ ಚಳಿಗೆ ಅದು ತಡೆಯಾಗಲಾರದು. ಕೆಳಗೆ ದಪ್ಪನೆಯ ಚಾಪೆ ಇರಲೇಬೇಕು. ಓಲೆಯ ಚಾಪೆ ಹಾಸಿ ಸಗಣಿ ಸಾರಿಸಿದ ನೆಲದ ಮೇಲೆ ಸುಖವಾಗಿ ಮಲಗುವ ಕರಾವಳಿಯವನಿಗೆ ನೆಲವೇ ಶತ್ರುವಾಗುವುದೆಂಬ ಕಲ್ಪನೆ ಬರುವುದಿಲ್ಲ. ಎರಡನೆಯದು ಅಂಕೆಗಳ ಮೋಸ. ಯುರೋಪಿನಲ್ಲಿ 2005ರಲ್ಲಿ ಜಾರಿಗೆ ಬಂದು, ಅನಂತರ ಅಂತಾರಾಷ್ಟ್ರೀಯ ಮಾನವಾದ ಕ್ರಮದಂತೆ ಚೀಲಕ್ಕೆ ಮೂರು ಅಂಕೆಗಳನ್ನು ಕೊಡುತ್ತಾರೆ: ಸುಖವಾಗಿ ಮಲಗಬಲ್ಲ ಚಳಿ, ಮುದುಡಿಕೊಂಡು ರಾತ್ರಿ ಕಳೆಯಬಲ್ಲ ಚಳಿ, ಪ್ರಾಣವೊಂದು ಉಳಿಯಬಹುದಾದ ಚಳಿ. ಮೂರನೆಯ ಅಂಕೆಯನ್ನು ನೋಡಿ ಚೀಲ ಕೊಂಡವನು ನಿದ್ರೆಯನ್ನಲ್ಲ, ಅಪಾಯವನ್ನು ಕೊಂಡಂತೆ. ಮನುಷ್ಯದೇಹದ ಶಾಖ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ನಾಲಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ತನಗೆ ಆಪತ್ತು ಬಂದಿದೆಯೆಂಬ ಅರಿವೇ ಅವನಿಗೆ ಉಳಿಯುವುದಿಲ್ಲ.

ಹಿಮದ ಪರೀಕ್ಷೆ

ತುಪ್ಪಳವನ್ನು ಎವರೆಸ್ಟಿನ ಮೇಲೆ ಮೊದಲು ಪರೀಕ್ಷೆಗೆ ಒಡ್ಡಿದ ಕೀರ್ತಿ ಒಬ್ಬ ರಸಾಯನಶಾಸ್ತ್ರಜ್ಞನದು. 1922ರ ಬ್ರಿಟಿಷ್ ಸಾಹಸಯಾತ್ರೆಯಲ್ಲಿ ಜಾರ್ಜ್ ಫಿಂಚ್ ಎಂಬಾತನು ಬಲೂನಿಗೆ ಬಳಸುವ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪಳವನ್ನು ತುಂಬಿಸಿ ತಾನೇ ಯೋಜಿಸಿದ ಅಂಗಿಯನ್ನು ತೊಟ್ಟು ಹೋದನು. ಉಳಿದವರು ಉಣ್ಣೆಯ ಕೋಟುಗಳನ್ನು ಧರಿಸಿದ್ದರು. ಅವನ ಉಬ್ಬಿದ ಅಂಗಿ ಮೊದಲು ಅವರಿಗೆ ನಗೆಯ ವಸ್ತುವಾಗಿತ್ತು. ಮೇಲೇರಿದಂತೆ ನಗು ಅಸೂಯೆಗೆ ತಿರುಗಿತು. ಇದೇ ಫಿಂಚ್ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ನಿರ್ದೇಶಕನಾಗಿದ್ದನೆಂಬುದು ಅನೇಕರಿಗೆ ತಿಳಿದಿರಲಾರದು. ಅವನು ಅಲ್ಲಿದ್ದಾಗಲೇ, 1953ರಲ್ಲಿ, ತೇನ್‌ಸಿಂಗ್ ಮತ್ತು ಹಿಲರಿ ಶಿಖರವನ್ನು ಮೆಟ್ಟಿದರು. 1965ರಲ್ಲಿ ಎಂ. ಎಸ್. ಕೊಹ್ಲಿಯವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ಅಲ್ಲಿ ನಿಂತರು. ಫಿಂಚ್ ಹಾಕಿದ ಮೇಲ್ಪಂಕ್ತಿ ಅಷ್ಟರಲ್ಲಿ ಎತ್ತರದ ಬೆಟ್ಟಗಳಲ್ಲಿ ವಾಡಿಕೆಯಾಗಿಬಿಟ್ಟಿತ್ತು.

ಹಿಮದ ಎತ್ತರ ಕರ್ನಾಟಕಕ್ಕೆ ಬರಿಯ ಸಾಹಸದ ಮಾತಲ್ಲ. 1984ರಿಂದ ಸಿಯಾಚಿನ್ ಹಿಮನದಿಯ ಮೇಲೆ ಕಾವಲು ನಿಂತ ಸೈನಿಕರಲ್ಲಿ ಕನ್ನಡನಾಡಿನ ಬಿಸಿಲೂರುಗಳವರೂ ಇದ್ದಾರೆ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದರಾಸು ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನಗಳಾದ ಮೇಲೆ ಅವರಲ್ಲಿ ಒಬ್ಬರು, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಜೀವಂತವಾಗಿ ಸಿಕ್ಕಿದರು. ಹಿಮದ ಅಡಿಯಲ್ಲಿ ಉಳಿದುಕೊಂಡಿದ್ದ ಗಾಳಿಯ ಒಂದು ಪೊಳ್ಳು ಅವರನ್ನು ಅಷ್ಟು ದಿನ ಕಾಪಾಡಿತೆಂದು ಆಗ ವರದಿಯಾಯಿತು. ಫೆಬ್ರವರಿ 11ರಂದು ಅವರು ದಿಲ್ಲಿಯಲ್ಲಿ ಕೊನೆಯುಸಿರೆಳೆದರು. ಇಡೀ ನಾಡು ಆ ದಿನಗಳಲ್ಲಿ ಒಬ್ಬನ ಉಸಿರಿಗಾಗಿ ಕಾದಿತ್ತು. ಮನುಷ್ಯ ಕಟ್ಟಿಕೊಂಡ ಬೆಚ್ಚನೆ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂಬ ಎರಡನ್ನೂ ಆ ವಾರ ಒಟ್ಟಿಗೇ ಕಲಿಸಿತು.

ಮೂಡುಬಿದಿರೆಯ ಪ್ರಶ್ನೆ

ಬೆಳ್ತಂಗಡಿಯಿಂದ ಗುರುವಾಯನಕೆರೆಯ ಮೇಲೆ ಸಾಗಿದರೆ ವೇಣೂರು. 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಗೊಮ್ಮಟ ಅಲ್ಲಿ ನಾಲ್ಕು ಶತಮಾನಗಳಿಂದ ಮಳೆಗೂ ಬಿಸಿಲಿಗೂ ಬರಿಮೈ ಒಡ್ಡಿ ನಿಂತಿದ್ದಾನೆ. ಇನ್ನೂ ಮುಂದೆ ಹೋದರೆ ಮೂಡುಬಿದಿರೆ, ಜೈನರ ಕಾಶಿ. ಇಲ್ಲಿಯ ಸಾವಿರ ಕಂಬದ ಬಸದಿ 1430ರದು. ಅದರ ಅಂತಸ್ತು ಅಂತಸ್ತಾದ ಇಳಿಜಾರು ಮಾಡುಗಳನ್ನು ಕಂಡ ಎಷ್ಟೋ ಪ್ರವಾಸಿಗಳಿಗೆ ನೇಪಾಳದ ಗುಡಿಗಳ ನೆನಪಾಗಿದೆ. ಮಳೆಯನ್ನು ಇಳಿಸಲು ಕಟ್ಟಿದ ಮಾಡು ಹಿಮದ ನಾಡನ್ನು ನೆನಪಿಗೆ ತರುವುದು ಒಂದು ಸೋಜಿಗ.

ಇಲ್ಲಿಗೆ ಬರುವ ದಿಗಂಬರ ಮುನಿಗಳಿಗೆ ಹೊದಿಕೆಯೆಂಬುದೇ ಇಲ್ಲ. ಅವರು ಮಲಗುವುದು ಬರಿನೆಲದ ಮೇಲೆ, ಹಲಗೆಯ ಮೇಲೆ, ಇಲ್ಲವೆ ಒಣಹುಲ್ಲಿನ ಮೇಲೆ. ಅವರ ಕೈಯಲ್ಲಿರುವ ಗರಿಯ ವಸ್ತು ಒಂದೇ - ನವಿಲುಗರಿಯ ಪಿಂಛಿ. ಕೂರುವ ಮೊದಲು, ಮಲಗುವ ಮೊದಲು, ಅದರಿಂದ ಮೆಲ್ಲನೆ ನೆಲವನ್ನು ಸವರಿ ಸಣ್ಣ ಜೀವಿಗಳನ್ನು ಸರಿಸುತ್ತಾರೆ. ಹಗುರ, ಮೃದು, ಧೂಳು ಹಿಡಿಯದು, ಬೆವರು ಹೀರದು ಎಂಬ ಕಾರಣಕ್ಕೆ ನವಿಲುಗರಿಯನ್ನು ಆರಿಸಿದರು. ಆದರೆ ಆ ಗರಿ ನವಿಲು ತಾನಾಗಿ ಉದುರಿಸಿದ್ದಾಗಿರಬೇಕೆಂಬ ಕಟ್ಟಳೆಯನ್ನೂ ಹಾಕಿಕೊಂಡರು. ಹಕ್ಕಿಯ ಗರಿ ಬೇಕು, ಹಕ್ಕಿಗೆ ನೋವು ಬೇಡ.

ಹಿಮಾಲಯಕ್ಕೆ ಹೊರಟ ಮೂಡುಬಿದಿರೆಯ ತರುಣನ ಮುಂದೆ ಈ ಪಿಂಛಿ ಒಂದು ಪ್ರಶ್ನೆಯನ್ನು ಇಡುತ್ತದೆ. ಅವನ ಚೀಲದ ತುಪ್ಪಳ ಎಲ್ಲಿಂದ ಬಂತು? ಐಸ್‌ಲ್ಯಾಂಡಿನಲ್ಲಿ ಐಡರ್ ಎಂಬ ಕಡಲಬಾತು ಮೊಟ್ಟೆಯಿಡುವಾಗ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಅಲ್ಲಿಯ ರೈತರು ಆ ಗೂಡುಗಳಿಂದ ಅದನ್ನು ಆರಿಸಿ ತರುತ್ತಾರೆ; ಹಕ್ಕಿಯನ್ನು ಕೊಲ್ಲುವುದಿಲ್ಲ. ಪಿಂಛಿಗೆ ಇದು ಬಹಳ ಹತ್ತಿರದ ಬಂಧು. ಆದರೆ ಅದು ಸಿಗುವುದು ತೀರ ಕಡಮೆ, ಬೆಲೆ ವಿಪರೀತ. ಸಾಮಾನ್ಯ ಚೀಲಗಳ ತುಪ್ಪಳ ಬರುವುದು ಮಾಂಸಕ್ಕಾಗಿ ಸಾಕಿದ ಬಾತು ಹೆಬ್ಬಾತುಗಳಿಂದ. ಕೆಲವು ಕಡೆ ಜೀವಂತ ಹಕ್ಕಿಯಿಂದಲೇ ಕಿತ್ತು ತೆಗೆದದ್ದೂ ಉಂಟು. ಈ ಕ್ರೌರ್ಯ ಬೆಳಕಿಗೆ ಬಂದ ಮೇಲೆ 2014ರಲ್ಲಿ ಜೀವಂತವಾಗಿ ಕೀಳುವುದನ್ನೂ ಒತ್ತಾಯದಿಂದ ತಿನ್ನಿಸಿ ಕೊಬ್ಬಿಸುವುದನ್ನೂ ನಿಷೇಧಿಸುವ ಒಂದು ಮಾನದಂಡ ಜಾರಿಗೆ ಬಂದಿತು. ಹಾಗೆ ಪರೀಕ್ಷೆಗೊಂಡ ತುಪ್ಪಳಕ್ಕೆ ಗುರುತಿನ ಚೀಟಿ ಇರುತ್ತದೆ. ಚೀಟಿ ಕ್ರೌರ್ಯವನ್ನು ತಡೆಯಬಲ್ಲದು; ಕೊಲೆಯನ್ನು ಇಲ್ಲವೆನ್ನಲಾರದು.

ಅದನ್ನೂ ಒಪ್ಪದವರಿಗೆ ಪಾಲಿಯೆಸ್ಟರ್ ಎಳೆ ತುಂಬಿದ ಚೀಲಗಳಿವೆ. ಅಷ್ಟೇ ಬೆಚ್ಚನೆಗೆ ಅವು ಹೆಚ್ಚು ತೂಗುತ್ತವೆ, ಹೆಚ್ಚು ಜಾಗ ಹಿಡಿಯುತ್ತವೆ, ಬೇಗ ಸೊರಗುತ್ತವೆ. ಆದರೆ ಒದ್ದೆಯಾದರೂ ತುಪ್ಪಳದಷ್ಟು ಕುಗ್ಗುವುದಿಲ್ಲ, ಬೇಗ ಒಣಗುತ್ತವೆ, ಬೆಲೆಯೂ ಕಡಮೆ. ಸಾಮಾನ್ಯ ಚಾರಣಕ್ಕೆ ಹೋಗುವವನಿಗೆ ಅದು ಧಾರಾಳವಾಗಿ ಸಾಕು. ಆರು ಸಾವಿರ ಮೀಟರನ್ನು ದಾಟುವವನ ಮಾತು ಬೇರೆ. ಅಲ್ಲಿ ಹೆಚ್ಚಿನ ಭಾರವೇ ಪ್ರಾಣಕ್ಕೆ ಎರವಾಗಬಹುದು. ಯಾರು ಯಾವುದನ್ನು ಆರಿಸಿದರೂ ಪ್ರಶ್ನೆಯನ್ನು ಕೇಳಿಕೊಂಡು ಆರಿಸುವುದು ಲೇಸು. ನೆಲವನ್ನು ಸವರಿ ಕೂರುವ ಪಿಂಛಿಯ ಪಾಠ ಅಷ್ಟೇ.

ಜೂನ್ ತಿಂಗಳಲ್ಲಿ, ಮೊದಲ ಮಳೆಯೊಂದಿಗೆ, ಹಿಮಾಲಯಕ್ಕೆ ಹೋದವರು ಊರಿಗೆ ಹಿಂದಿರುಗುತ್ತಾರೆ. ತುಪ್ಪಳದ ಚೀಲಕ್ಕೆ ನಿಜವಾದ ಕಷ್ಟಕಾಲ ಆರಂಭವಾಗುವುದು ಆಗಲೇ. ಹಿಮದ ನೆತ್ತಿಯ ಮೇಲೆ ಜಯಿಸಿದ್ದು ಕರಾವಳಿಯ ತೇವದಲ್ಲಿ ಕೊಳೆತುಹೋಗಬಹುದು. ಅದನ್ನು ಗಂಟು ಕಟ್ಟಿ ಕಪಾಟಿಗೆ ತುರುಕಬಾರದು. ಬಹುಕಾಲ ಅದುಮಿಟ್ಟ ತುಪ್ಪಳ ಏಳುವುದನ್ನೇ ಮರೆಯುತ್ತದೆ. ಚೆನ್ನಾಗಿ ಆರಿಸಿ, ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ತುಂಬಿ, ಮನೆಯಲ್ಲಿ ಅತ್ಯಂತ ಒಣಗಿದ ಜಾಗದಲ್ಲಿ ತೂಗುಹಾಕಬೇಕು. ಹಳೆಯ ಮನೆಗಳಲ್ಲಿ ಬೀಜದ ಭತ್ತವನ್ನು ಮಳೆಗಾಲಕ್ಕೆ ಕಾಪಾಡುತ್ತಿದ್ದವರಿಗೆ ಈ ಎಚ್ಚರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹೊರಗೆ ಧೋ ಎಂದು ಮಳೆ. ಕುದುರೆಮುಖ ಮೋಡದಲ್ಲಿ ಮರೆಯಾಗಿದೆ. ಒಳಗೆ ತೊಲೆಗೆ ತೂಗಿದ ಚೀಲ ಮೆಲ್ಲಮೆಲ್ಲನೆ ಉಬ್ಬಿ ತನ್ನ ಆಕಾರಕ್ಕೆ ಮರಳುತ್ತದೆ. ಬಂಟವಾಳದ ಬೀದಿಯ ಸೆಕೆಯಲ್ಲಿ ಯಾರಿಗೂ ಬೇಡವಾದ ಗಾಳಿಯೇ ಅದರೊಳಗೆ ತುಂಬಿಕೊಳ್ಳುತ್ತಿರುತ್ತದೆ.